ಕೊಟ್ಟವರು ಕೋಡಂಗಿಗಳೇ?

'ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ' ಎಂಬ ಗಾದೆಯನ್ನು ನಾವೆಲ್ಲ ನಗುತ್ತಲೇ ಹೇಳುತ್ತೇವೆ. ಎರವಲು ಹೋದ ಇಡ್ಲಿ ಪಾತ್ರೆ ತಿಂಗಳಾದರೂ ಹಿಂದಕ್ಕೆ ಬಾರದಿದ್ದಾಗ, ಓದಲು ಒಯ್ದ ಕಾದಂಬರಿ ಮೂರು ಮನೆ ದಾಟಿ ಕಾಣೆಯಾದಾಗ, ಕೈಗಡ ಕೊಟ್ಟ ಐನೂರು ರೂಪಾಯಿ ಕೊಟ್ಟವರಿಗೆ ಮಾತ್ರ ನೆನಪಿರುವಾಗ ಈ ಗಾದೆ ತಾನಾಗಿಯೇ ನಾಲಿಗೆಗೆ ಬಂದುಬಿಡುತ್ತದೆ. ಆದರೆ ನಗು ಮುಗಿದ ಮೇಲೆ ಒಂದು ಗಳಿಗೆ ಯೋಚಿಸಿದರೆ ಅದರೊಳಗಿನ ಕಹಿ ಗೊತ್ತಾಗುತ್ತದೆ. ಕೊಡುವ ಹೊತ್ತಿನಲ್ಲಿ ದೊಡ್ಡವರಾಗಿದ್ದವರು ಕೇಳುವ ಹೊತ್ತಿಗೆ ಸಣ್ಣವರಾಗಿಬಿಡುತ್ತಾರೆ. ಇನ್ನೊಬ್ಬರ ಬಾಗಿಲಿಗೆ ಹೋಗಿ, ಮಕ್ಕಳ ಓದು, ಮಳೆ, ಬಿಸಿಲು ಎಲ್ಲ ವಿಚಾರಿಸಿ, ಕೊನೆಗೆ ಎದ್ದು ನಿಂತು ಚಪ್ಪಲಿ ಮೆಟ್ಟುತ್ತಾ 'ಅದೇ, ಆ ವಿಷಯ...' ಎನ್ನುವವರು ಕೊಟ್ಟವರೇ. ತಲೆ ತಗ್ಗಿಸಬೇಕಾದವರು ಯಾರು, ತಗ್ಗಿಸುವವರು ಯಾರು!

ಕೊಟ್ಟವರಲ್ಲೂ ಎರಡು ಬಗೆಯವರಿದ್ದಾರೆ. ಬಡ್ಡಿಗೆ ಹಣ ಕೊಡುವವರು ಮೊದಲನೆಯವರು. ಅವರು ಪತ್ರ ಬರೆಸಿಕೊಳ್ಳುತ್ತಾರೆ, ಒಡವೆಯನ್ನೋ ಮನೆಯನ್ನೋ ಅಡವಿಟ್ಟುಕೊಳ್ಳುತ್ತಾರೆ, ತಡವಾದಷ್ಟೂ ಬಡ್ಡಿ ಬೆಳೆಯುತ್ತದೆ. ಎರಡನೆಯವರು ಸಾಮಾನು ಕೊಟ್ಟು ಹಣಕ್ಕೆ ಕಾಯುವವರು. ತಿಂಗಳ ಕೊನೆಗೆ ಲೆಕ್ಕ ಮಾಡುವ ಹಾಲಿನವನು, 'ನಾಳೆ ಕೊಡಿ ಬಿಡಿ ಅಕ್ಕಾ' ಎಂದು ಎರಡು ಮೊಳ ಮಲ್ಲಿಗೆ ಅಳೆದು ಕೊಡುವ ಹೂವಿನಾಕೆ, ಹಬ್ಬದ ಹಿಂದಿನ ರಾತ್ರಿ ಹನ್ನೆರಡರವರೆಗೆ ಕೂತು ರವಿಕೆ ಹೊಲಿದು ಕೊಡುವ ಟೈಲರ್. ಇವರಿಗೆ ಪತ್ರವಿಲ್ಲ, ಅಡವಿಲ್ಲ, ಬಡ್ಡಿಯಿಲ್ಲ. ಇರುವುದು ನಂಬಿಕೆಯೊಂದೇ. ಉದ್ದರಿ ಎಂದು ನಾವು ಕರೆಯುವುದು ಇದನ್ನು. ಬಡ್ಡಿ ಸಾಲದ ಬಗ್ಗೆ ಆಡುವಷ್ಟು ಮಾತನ್ನು ನಾವು ಉದ್ದರಿಯ ಬಗ್ಗೆ ಆಡುವುದಿಲ್ಲ. ಆದರೆ ಊರು ನಡೆಯುವುದು ಉದ್ದರಿಯ ಮೇಲೆಯೇ.

ನಮ್ಮ ಪಶ್ಚಿಮ ಬೆಂಗಳೂರಂತೂ ಉದ್ದರಿಯ ಊರು. ರಾಜಾಜಿನಗರದ ಇಂಡಸ್ಟ್ರಿಯಲ್ ಟೌನು, ಆಚೆಗೆ ಪೀಣ್ಯ, ಈಚೆಗೆ ಮಾಗಡಿ ರಸ್ತೆಯುದ್ದಕ್ಕೂ ಕಾಮಾಕ್ಷಿಪಾಳ್ಯದಿಂದ ಸುಂಕದಕಟ್ಟೆಯವರೆಗೆ ಚಾಚಿಕೊಂಡ ಸಣ್ಣ ಸಣ್ಣ ಶೆಡ್ಡುಗಳು. ಬಸವೇಶ್ವರನಗರದ ನಮ್ಮ ಮನೆಯಿಂದ ಹತ್ತು ನಿಮಿಷ ನಡೆದರೆ ಲೇತಿನ ಸದ್ದು, ಸುಟ್ಟ ಎಣ್ಣೆಯ ವಾಸನೆ, ಬಾಗಿಲ ಬಳಿ ಬೆಳ್ಳಿಯ ಸುರುಳಿಗಳಂತೆ ರಾಶಿ ಬಿದ್ದ ಕಬ್ಬಿಣದ ತುರಿ. ದೊಡ್ಡ ಕಾರ್ಖಾನೆಯ ಒಂದು ಯಂತ್ರದೊಳಗೆ ಇಂಥ ಇಪ್ಪತ್ತು ಶೆಡ್ಡುಗಳ ಕೆಲಸ ಅಡಗಿರುತ್ತದೆ. ಶೆಡ್ಡಿನವರು ಮಾಲು ಕಳಿಸುತ್ತಾರೆ, ಚಲನ್ನಿಗೆ ಸಹಿ ಹಾಕಿಸಿಕೊಳ್ಳುತ್ತಾರೆ, ಬಿಲ್ಲು ಕೊಟ್ಟು ಕಾಯುತ್ತಾರೆ. ಆ ಕಾಯುವಿಕೆಯ ಮೇಲೆ ದೊಡ್ಡ ಕಾರ್ಖಾನೆ ಓಡುತ್ತದೆ.

ನಮ್ಮ ಅಣ್ಣನದೂ ಅಂಥದೊಂದು ಶೆಡ್ಡು. ನಾಲ್ಕು ಲೇತು, ಒಂದು ಡ್ರಿಲ್ಲಿಂಗ್ ಮಿಷನ್ನು, ಏಳು ಹುಡುಗರು. 2001ರ ಸುಮಾರಿಗೆ ಅವನು ಪೀಣ್ಯದ ಒಂದು ಕಂಪನಿಗೆ ಬುಷ್ಷು, ಶಾಫ್ಟು ಮಾಡಿಕೊಡುತ್ತಿದ್ದ. ಕಂಪನಿಯ ಹೆಸರು ಇಲ್ಲಿ ಬೇಡ. ಅರವತ್ತು ದಿನಕ್ಕೆ ಹಣ ಕೊಡುತ್ತೇವೆ ಎಂದು ಮಾತಾಗಿತ್ತು. ಅರವತ್ತು ತೊಂಬತ್ತಾಯಿತು, ತೊಂಬತ್ತು ನೂರಿಪ್ಪತ್ತಾಯಿತು. 'ಬಿಲ್ ಪಾಸಾಗಿದೆ, ಚೆಕ್ಕಿಗೆ ಸೈನ್ ಆಗ್ಬೇಕು', 'ಡೈರೆಕ್ಟರು ಊರಲ್ಲಿಲ್ಲ', 'ಮಾರ್ಚ್ ಮುಗೀಲಿ ಸಾರ್' ಎಂದು ಪ್ರತಿ ಸಲವೂ ಒಂದೊಂದು ಉತ್ತರ. ಹನ್ನೊಂದು ತಿಂಗಳಾಗುವಾಗ ಬಾಕಿ ಮೂರು ಲಕ್ಷ ಎಂಬತ್ತು ಸಾವಿರಕ್ಕೆ ಬಂದು ನಿಂತಿತು. ಆ ಆಯುಧಪೂಜೆಗೆ ಹುಡುಗರ ಬೋನಸ್ಸು ಬಂದದ್ದು ಅತ್ತಿಗೆಯ ಕೈಯಿಂದ, ಅಂದರೆ ಕೈಯಲ್ಲಿದ್ದ ನಾಲ್ಕು ಬಂಗಾರದ ಬಳೆಗಳಿಂದ. ಬಳೆ ಬ್ಯಾಂಕಿಗೆ ಹೋದವು, ಅತ್ತಿಗೆ ಗಾಜಿನ ಬಳೆ ತೊಟ್ಟು ಲೇತಿಗೆ ಕುಂಬಳಕಾಯಿ ಒಡೆಯುವುದನ್ನು ನೋಡುತ್ತಾ ನಿಂತಿದ್ದರು.

ಆ ಮೇಲೆ ಒಂದು ಭಾನುವಾರ ವಕೀಲರೊಬ್ಬರು ಮನೆಗೆ ಬಂದರು. ಅವರದು ನೇರ ಮಾತು. 'ಸಿವಿಲ್ ದಾವೆ ಹಾಕಿದ್ರೆ ವರ್ಷಗಟ್ಟಲೆ ಆಗುತ್ತೆ. ಬಾಕಿ ತೀರಿಸದಿದ್ರೆ ಕಂಪನೀನೇ ಮುಚ್ಚಿಸೋಕೆ ಹೈಕೋರ್ಟಿಗೆ ಅರ್ಜಿ ಹಾಕ್ತೀವಿ ಅಂತ ನೋಟಿಸು ಕೊಡಿ. ಮೂರು ವಾರ ಟೈಮು. ಹೆದರಿ ತಂದು ಕೊಡ್ತಾರೆ.' ಅಣ್ಣ ಕೇಳಿದ, 'ಕೊಡದಿದ್ರೆ?' 'ಅರ್ಜಿ ಹಾಕೋದು.' ಕಾಫಿ ತಂದಿಟ್ಟ ಅತ್ತಿಗೆ ಅಲ್ಲೇ ನಿಂತು ಕೇಳಿದರು, 'ಅಲ್ಲಿ ಎಷ್ಟು ಜನ ಕೆಲಸ ಮಾಡ್ತಾರೆ?' ವಕೀಲರು, 'ನೂರೈವತ್ತು ಇರಬಹುದು' ಎಂದರು. 'ಅಷ್ಟು ಜನದ ಅನ್ನ ಕಿತ್ಕೊಂಡು ನಮ್ಮ ದುಡ್ಡು ತಗೋಬೇಕಾ?' ಒಳಗಿನಿಂದ ನಮ್ಮ ಅಮ್ಮ ಅಂದರು, 'ನಮ್ಮ ಏಳು ಹುಡುಗರಿಗೂ ಹೆಂಡತಿ ಮಕ್ಕಳು ಇದಾರಲ್ಲಮ್ಮ.'

ಇಬ್ಬರ ಮಾತೂ ಸರಿಯಾಗಿತ್ತು. ಒಂದು ಬಾಕಿಗಾಗಿ ಒಂದು ಕಂಪನಿಯನ್ನೇ ಮುಚ್ಚಿಸುವುದು ನ್ಯಾಯವೇ? ಕಾನೂನಿಗೆ ಅದು ಸರಿಯಿರಬಹುದು, ಧರ್ಮಕ್ಕೆ ಸರಿಯೇ? ಆ ದಿನ ಕಾಫಿ ಲೋಟಗಳ ನಡುವೆ ಎದ್ದ ಪ್ರಶ್ನೆ ಇಷ್ಟು ವರ್ಷ ನನ್ನ ಜೊತೆಗಿದೆ.

ಮೊದಲು ಈ 'ಮುಚ್ಚಿಸುವುದು' ಎಂದರೇನು ಎಂದು ನೋಡೋಣ. ಕಾನೂನಿನ ಕಣ್ಣಿಗೆ ಕಂಪನಿಯೂ ಒಬ್ಬ ವ್ಯಕ್ತಿ. ಅದಕ್ಕೆ ಹೆಸರಿದೆ, ವಿಳಾಸವಿದೆ, ಆಸ್ತಿ ಕೊಳ್ಳುತ್ತದೆ, ಸಾಲ ಮಾಡುತ್ತದೆ. ಅದಕ್ಕೆ ಹುಟ್ಟು ಇರುವ ಹಾಗೆ ಸಾವೂ ಉಂಟು. 1956ರ ಕಂಪನಿ ಕಾನೂನಿನಲ್ಲಿ, ಸಾಲ ತೀರಿಸಲಾಗದ ಕಂಪನಿಯನ್ನು ಸಮಾಪ್ತಿ ಮಾಡಿ ಎಂದು ಸಾಲಿಗರು ಹೈಕೋರ್ಟನ್ನು ಕೇಳಬಹುದಿತ್ತು. ಆ ಕಾನೂನು ಬಂದಾಗ ಐನೂರು ರೂಪಾಯಿಗೆ ಮೀರಿದ ಬಾಕಿ ಇದ್ದರೆ ಸಾಕಿತ್ತು. ಕಂಪನಿಯ ರಿಜಿಸ್ಟರ್ಡ್ ಆಫೀಸಿಗೆ ನೋಟಿಸು ಹೋಗಬೇಕು, ಮೂರು ವಾರ ಕಳೆದರೂ ಕಂಪನಿ ಕೊಡದೆ, ಒಪ್ಪಂದಕ್ಕೂ ಬಾರದೆ ಇದ್ದರೆ, ಅದಕ್ಕೆ ಸಾಲ ತೀರಿಸುವ ಶಕ್ತಿಯಿಲ್ಲ ಎಂದು ಕಾನೂನು ಭಾವಿಸುತ್ತಿತ್ತು. ಕೋರ್ಟು ಅರ್ಜಿಯನ್ನು ದಾಖಲು ಮಾಡಿಕೊಂಡರೆ ಪತ್ರಿಕೆಯಲ್ಲಿ ಪ್ರಕಟಣೆ ಬರುತ್ತಿತ್ತು. ಕಪಾಟಿಗೆ ಹಾಸುವ ಹಳೆಯ ಪತ್ರಿಕೆಗಳಲ್ಲಿ ಇರುವೆ ಸಾಲಿನಂಥ ಅಕ್ಷರದ ಅಂಥ ಪ್ರಕಟಣೆಗಳನ್ನು ನೀವೂ ನೋಡಿರಬಹುದು. ಆದೇಶವಾದರೆ ಅಫಿಷಿಯಲ್ ಲಿಕ್ವಿಡೇಟರ್ ಎಂಬ ಸರಕಾರಿ ಅಧಿಕಾರಿ ಬಂದು ಬೀಗಮುದ್ರೆ ಹಾಕಿ, ಇರುವುದನ್ನೆಲ್ಲ ಪಟ್ಟಿ ಮಾಡಿ, ಮಾರಿ, ಬಂದ ಹಣವನ್ನು ಹಂಚುವುದು.

ಆ ಹಳೆಯ ಕಾನೂನಿನಲ್ಲಿ ಎರಡು ಮಾತುಗಳಿದ್ದವು. ಒಂದು, ಸಮಾಪ್ತಿಯ ಆದೇಶವೇ ನೌಕರರಿಗೆಲ್ಲ ಕೆಲಸದಿಂದ ಬಿಡುಗಡೆಯ ನೋಟಿಸು. ವ್ಯವಹಾರ ಮುಂದುವರಿಸಿದರೆ ಬೇರೆ ಮಾತು, ಇಲ್ಲವಾದರೆ ಯಾರಿಗೂ ಪ್ರತ್ಯೇಕ ಕಾಗದ ಬೇಕಿಲ್ಲ. ಅತ್ತಿಗೆಯ ಅಳುಕು ಸುಳ್ಳಲ್ಲ. ಇನ್ನೊಂದು, ಅರ್ಜಿ ಹಾಕಿದವರು ಒಬ್ಬರೇ ಆದರೂ ಆದೇಶ ಎಲ್ಲ ಸಾಲಿಗರೂ ಸೇರಿ ಕೇಳಿಕೊಂಡಂತೆ ಎಲ್ಲರ ಪರವಾಗಿಯೂ ನಡೆಯುತ್ತದೆ. ಅಂದರೆ ಬಾಗಿಲು ತಟ್ಟುವುದು ಒಬ್ಬರು, ತೆರೆಯುವುದು ಎಲ್ಲರಿಗೂ.

ಇನ್ನು 'ಲಿಮಿಟೆಡ್' ಎಂಬ ಮಾತು. ಬೋರ್ಡುಗಳ ಮೇಲೆ ದಿನವೂ ಓದುತ್ತೇವೆ, ಏನೋ ದೊಡ್ಡಸ್ತಿಕೆಯ ಬಿರುದಿರಬೇಕು ಅಂದುಕೊಳ್ಳುತ್ತೇವೆ. ಅದು ಬಿರುದಲ್ಲ, ಎಚ್ಚರಿಕೆ. ಈ ಕಂಪನಿ ಮುಳುಗಿದರೆ ಇದರ ಷೇರುದಾರರು ಕಳೆದುಕೊಳ್ಳುವುದು ಷೇರಿಗೆ ಹಾಕಿದ ಹಣವನ್ನು ಮಾತ್ರ, ಅವರ ಮನೆ ಮಠ, ಹೆಂಡತಿಯ ಒಡವೆ ಸುರಕ್ಷಿತ ಎಂದು ಅದರ ಅರ್ಥ. ತಾವಾಗಿ ಜಾಮೀನು ಬರೆದುಕೊಟ್ಟಿದ್ದರೆ ಅಥವಾ ಮೋಸ ಮಾಡಿದ್ದರೆ ಬೇರೆ ಮಾತು. ಇದು ಕೆಟ್ಟ ವ್ಯವಸ್ಥೆಯೇನೂ ಅಲ್ಲ. ಹೊಣೆಗೆ ಮಿತಿ ಇಲ್ಲದಿದ್ದರೆ ಯಾರೂ ದೊಡ್ಡ ಸಾಹಸಕ್ಕೆ ಕೈಹಾಕುತ್ತಿರಲಿಲ್ಲ. ಆದರೆ ಅಣ್ಣನ ಶೆಡ್ಡಿನ ಬೋರ್ಡಿನ ಮೇಲೆ ಲಿಮಿಟೆಡ್ ಇರಲಿಲ್ಲ. ಅವನ ಹೊಣೆಗೆ ಮಿತಿಯೂ ಇರಲಿಲ್ಲ. ಕಬ್ಬಿಣದ ಅಂಗಡಿಯವರಿಗೆ ಅವನು ಕೊಡಬೇಕಾದ್ದಕ್ಕೆ ಅವನ ಮನೆ, ಸ್ಕೂಟರು, ಅತ್ತಿಗೆಯ ಕತ್ತು ಕೈ ಎಲ್ಲವೂ ಹೊಣೆ. ಹೊಣೆಗೆ ಮಿತಿಯಿಲ್ಲದವನು ಹೊಣೆಗೆ ಮಿತಿಯಿರುವವರಿಗೆ ಉದ್ದರಿ ಕೊಡುತ್ತಾನೆ. ನೂರೈವತ್ತು ಜನರ ಕಂಪನಿ ಹನ್ನೊಂದು ತಿಂಗಳು ಒಂದಿಷ್ಟಾದರೂ ನಡೆದದ್ದು ನಾಲ್ಕು ಬಳೆಗಳ ಮೇಲೆ. ಯಾವ ಬ್ಯಾಲೆನ್ಸ್ ಶೀಟಿನಲ್ಲೂ ಆ ಬಳೆಗಳು ಕಾಣಿಸುವುದಿಲ್ಲ.

ಕಂಪನಿಯನ್ನು ಮುಚ್ಚಿಸುವ ಹಕ್ಕು ಹುಟ್ಟಿದ್ದು ಇಲ್ಲಿಂದ ಎಂದು ನನಗೆ ಅನ್ನಿಸುತ್ತದೆ. ಒಡೆಯರ ಮನೆಯನ್ನು ಮುಟ್ಟುವಂತಿಲ್ಲ ಎಂದಮೇಲೆ ಕೊಟ್ಟವರಿಗೆ ಬೇರೇನಾದರೂ ಹಿಡಿಕೆ ಬೇಡವೇ? ಒಡೆಯರಿಗೆ ರಕ್ಷಣೆ, ಅದಕ್ಕೆ ಪ್ರತಿಯಾಗಿ ಕಂಪನಿಗೆ ಸಾವಿನ ಭಯ. ಒಪ್ಪಂದದ ಒಂದೇ ತಕ್ಕಡಿಯ ಎರಡು ತಟ್ಟೆಗಳು ಇವು. ಆದ್ದರಿಂದ ಹಕ್ಕು ಇರುವುದು ತಪ್ಪಲ್ಲ. ಅದನ್ನು ಯಾವಾಗ, ಯಾವ ಮನಸ್ಸಿನಿಂದ ಬಳಸುತ್ತೇವೆ ಎಂಬುದು ಪ್ರಶ್ನೆ.

ನಮ್ಮ ಊರಿನದೇ ದೊಡ್ಡ ಕಥೆಯೊಂದನ್ನು ನೋಡಿ. ಕಿಂಗ್‌ಫಿಷರ್ ಏರ್‌ಲೈನ್ಸ್ 2005ರ ಮೇ ತಿಂಗಳಲ್ಲಿ ಹಾರಾಟ ಶುರುಮಾಡಿತು. ಕೆಂಪು ಉಡುಪಿನ ಗಗನಸಖಿಯರು, ಸೀಟಿನೆದುರಿಗೆ ಪುಟ್ಟ ಟಿ.ವಿ., ಪೇಪರಿನ ತುಂಬ ಜಾಹೀರಾತು. 2012ರಲ್ಲಿ ನೌಕರರಿಗೆ ತಿಂಗಳುಗಟ್ಟಲೆ ಸಂಬಳವಿಲ್ಲ. ಆ ವರ್ಷದ ಅಕ್ಟೋಬರಿನಲ್ಲಿ ವಿಮಾನಗಳು ನಿಂತವು, ಲೈಸೆನ್ಸು ಅಮಾನತಾಯಿತು. 17 ಬ್ಯಾಂಕುಗಳ ಒಕ್ಕೂಟಕ್ಕೆ ಬಡ್ಡಿಯೆಲ್ಲ ಸೇರಿ ಸುಮಾರು 9,000 ಕೋಟಿ ರೂಪಾಯಿ ಬರಬೇಕಿತ್ತು. ಆದರೆ 2016ರ ನವೆಂಬರ್ 18ರಂದು ಕರ್ನಾಟಕ ಹೈಕೋರ್ಟು ಆ ಕಂಪನಿಯ ಸಮಾಪ್ತಿಗೆ ಆದೇಶ ಕೊಟ್ಟದ್ದು ಯಾರ ಅರ್ಜಿಯ ಮೇಲೆ ಗೊತ್ತೇ? ಬ್ಯಾಂಕುಗಳ ಅರ್ಜಿಯ ಮೇಲಲ್ಲ. ವಿಮಾನದ ಬಿಡಿಭಾಗಗಳನ್ನು ಒದಗಿಸುತ್ತಿದ್ದ ಇಂಗ್ಲೆಂಡಿನ ಏರೋಟ್ರಾನ್ ಎಂಬ ಕಂಪನಿ 2012ರಲ್ಲಿ ಹಾಕಿದ್ದ ಅರ್ಜಿಯ ಮೇಲೆ. ನನಗೆ ಇದನ್ನು ಓದಿದಾಗ ಕಾಮಾಕ್ಷಿಪಾಳ್ಯ ನೆನಪಾಯಿತು. ಅಷ್ಟು ದೊಡ್ಡ ಬ್ಯಾಂಕುಗಳಿದ್ದೂ ಕೊನೆಯ ಮೊಳೆ ಹೊಡೆದದ್ದು ಬಿಡಿಭಾಗ ಕೊಟ್ಟು ಕಾದು ಕೂತವರು.

ಈಗ ಹೇಳಿ, ಕಿಂಗ್‌ಫಿಷರನ್ನು ಕೊಂದದ್ದು ಏರೋಟ್ರಾನೇ? ಆದೇಶ ಬರುವ ನಾಲ್ಕು ವರ್ಷ ಮೊದಲೇ ವಿಮಾನಗಳು ನೆಲ ಹಿಡಿದಿದ್ದವು, ಸಂಬಳ ನಿಂತಿತ್ತು, ಜನ ಬೇರೆ ಕೆಲಸ ಹುಡುಕಿಕೊಂಡು ಹೋಗಿದ್ದರು. ಕೋರ್ಟು ಬರೆದುಕೊಟ್ಟದ್ದು ಮರಣಪತ್ರ ಅಷ್ಟೆ. ಸಾವು ಎಂದೋ ಆಗಿತ್ತು. ತಡವಾದ ಸಾವಿನಲ್ಲಿ ಏನು ಉಳಿಯುತ್ತದೆ ಎಂಬುದಕ್ಕೂ ಅಲ್ಲೇ ಉದಾಹರಣೆಗಳಿವೆ. ಬ್ಯಾಂಕುಗಳು ಅಡವಿಟ್ಟುಕೊಂಡಿದ್ದ ಆ ಕಂಪನಿಯ ಹೆಸರು, ಲಾಂಛನಗಳಿಗೆ ಒಂದು ಕಾಲಕ್ಕೆ 4,000 ಕೋಟಿಗೂ ಹೆಚ್ಚು ಬೆಲೆ ಕಟ್ಟಲಾಗಿತ್ತು. 2016ರ ಏಪ್ರಿಲಿನಲ್ಲಿ 366.70 ಕೋಟಿಗೆ ಹರಾಜಿಗಿಟ್ಟಾಗ ಕೂಗುವವರು ಒಬ್ಬರೂ ಇರಲಿಲ್ಲ. ಮುಂಬಯಿಯ ಕಿಂಗ್‌ಫಿಷರ್ ಹೌಸನ್ನು 2016ರಲ್ಲಿ 150 ಕೋಟಿಗೆ ಹರಾಜಿಗೆ ಇಟ್ಟರು, ಹಲವು ಹರಾಜುಗಳು ಬರಿದೇ ಹೋಗಿ 2021ರಲ್ಲಿ ಅದು ಸುಮಾರು 52 ಕೋಟಿಗೆ ಮಾರಾಟವಾಯಿತು. ಬಾಳೆಹಣ್ಣಿನ ಅಂಗಡಿಯವನಿಗೆ ಗೊತ್ತಿರುವ ಸತ್ಯವೇ ಇದು. ಸೋಮವಾರ ಮಾರಬೇಕಾದ್ದನ್ನು ಶನಿವಾರ ಮಾರಿದರೆ ಕಾಸು ಹುಟ್ಟುವುದಿಲ್ಲ.

ಅಣ್ಣನ ವಿಷಯದಲ್ಲೂ ಹೀಗೇ ಆಯಿತು. ನೋಟಿಸು ಟೈಪಾಯಿತು, ಆದರೆ ಐದು ತಿಂಗಳು ಮೇಜಿನ ಡ್ರಾಯರಿನಲ್ಲೇ ಉಳಿಯಿತು. ಆ ಕಂಪನಿಯ ಪರ್ಚೇಸ್ ಮ್ಯಾನೇಜರರು ಅಣ್ಣನಿಗೆ ಅವನ ಕಷ್ಟಕಾಲದಲ್ಲಿ ಮೊದಲ ಆರ್ಡರು ಕೊಟ್ಟವರು. ಅವರ ಮುಖ ನೋಡಿ ಹೇಗೆ ನೋಟಿಸು ಕೊಡುವುದು ಎಂಬ ದಾಕ್ಷಿಣ್ಯ. ಅಷ್ಟರಲ್ಲಿ ಉಕ್ಕು ಮಾರುವ ವರ್ತಕರೊಬ್ಬರು ಅರ್ಜಿ ಹಾಕಿದರು, ಕಾರ್ಖಾನೆಗೆ ಬೀಗ ಬಿತ್ತು. ಲಿಕ್ವಿಡೇಟರರ ಮುಂದೆ ಅಣ್ಣನೂ ತನ್ನ ಬಾಕಿಯ ಅರ್ಜಿ ತುಂಬಿಕೊಟ್ಟ. ಎಷ್ಟೋ ವರ್ಷಗಳ ಮೇಲೆ ಬಂದ ಪಾಲು ಅತ್ತಿಗೆಯ ಒಂದು ಬಳೆಯ ಬೆಲೆಗೂ ಸಾಲಲಿಲ್ಲ.

ಬೀಗ ಬಿದ್ದ ಒಂದೆರಡು ವರ್ಷದ ಮೇಲೆ ಆ ಕಾರ್ಖಾನೆಯ ಕೆಲಸಗಾರರೊಬ್ಬರು ಕೆಲಸ ಕೇಳಿಕೊಂಡು ಅಣ್ಣನ ಶೆಡ್ಡಿಗೇ ಬಂದರು. ಮಾತಿಗೆ ಮಾತು ಬಂದು ಅಣ್ಣ ನೋಟಿಸಿನ ಸಂಗತಿ ಹೇಳಿ, 'ನಿಮ್ಮೆಲ್ಲರ ಮುಖ ನೋಡಿ ಕಳಿಸಲಿಲ್ಲ' ಎಂದನಂತೆ. ಆತ ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದ್ದು ಇಷ್ಟು: 'ಕಳಿಸಬೇಕಿತ್ತು ಸಾರ್. ಕೊನೇ ಒಂದು ವರ್ಷ ನಮ್ಮ ಸಂಬಳದಲ್ಲಿ ಪಿ.ಎಫ್. ಹಿಡಿದರು, ಕಟ್ಟಲಿಲ್ಲ. ಮುಂಚೇನೇ ಯಾರಾದ್ರೂ ಬಾಗಿಲು ತಟ್ಟಿದ್ರೆ ಆ ದುಡ್ಡಾದ್ರೂ ಉಳೀತಿತ್ತು.' ಅಣ್ಣ ಇದನ್ನು ಮನೆಯಲ್ಲಿ ಹೇಳಿದಾಗ ಅತ್ತಿಗೆ ಏನೂ ಮಾತಾಡಲಿಲ್ಲ. ನೂರೈವತ್ತು ಜನರ ಅನ್ನ ಎಂದು ಅವರು ಕಳವಳಪಟ್ಟಿದ್ದರು. ಆ ಅನ್ನ ಒಳಗಿನಿಂದಲೇ ಹಳಸುತ್ತಿತ್ತು ಎಂಬುದು ಹೊರಗಿದ್ದ ನಮಗೆ ಯಾರಿಗೆ ಗೊತ್ತಿತ್ತು?

ಹಾಗೆಂದು ಬಾಕಿ ಇದ್ದಲ್ಲೆಲ್ಲ ಸಾವಿನ ಬೆದರಿಕೆ ಹಾಕಬಹುದು ಎಂದಲ್ಲ. 'ಹೆದರಿ ತಂದು ಕೊಡ್ತಾರೆ' ಎಂದ ವಕೀಲರ ಮಾತು ನನಗೆ ಅಂದೂ ಹಿಡಿಸಲಿಲ್ಲ. ಬೆಂಗಳೂರಿನ ಐಬಿಎ ಹೆಲ್ತ್ ಎಂಬ ಕಂಪನಿಯ ಮೇಲೆ ಇನ್ಫೋ-ಡ್ರೈವ್ ಎಂಬ ಕಂಪನಿ ಹಾಕಿದ್ದ ಇಂಥದೇ ಅರ್ಜಿ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಬಾಕಿಯ ಬಗ್ಗೆಯೇ ನಿಜವಾದ ತಕರಾರು ಇರುವಾಗ ಮುಚ್ಚಿಸುವ ಅರ್ಜಿಯನ್ನು ಹಣ ವಸೂಲಿಯ ಒತ್ತಡವಾಗಿ ಬಳಸಬಾರದು ಎಂದು 2010ರಲ್ಲಿ ಕೋರ್ಟು ಸ್ಪಷ್ಟವಾಗಿ ಹೇಳಿತು. ಕಳಿಸಿದ ಮಾಲು ಸರಿಯಿತ್ತೇ, ಲೆಕ್ಕ ಸರಿಯೇ ಎಂಬ ಜಗಳಕ್ಕೆ ಸಿವಿಲ್ ಕೋರ್ಟು ಇದೆ. ನೆರೆಮನೆಯವರ ಕೊಳಾಯಿ ಜಗಳಕ್ಕೆ ಮನೆಯನ್ನೇ ಕೆಡವಿಸುವುದುಂಟೇ?

ಇನ್ನೊಂದು ಎಚ್ಚರ. ಒಮ್ಮೆ ಬಾಗಿಲು ತಟ್ಟಿದ ಮೇಲೆ ಅದು ಇಬ್ಬರ ನಡುವಿನ ವ್ಯವಹಾರವಾಗಿ ಉಳಿಯುವುದಿಲ್ಲ. 2016ರ ಡಿಸೆಂಬರಿನಲ್ಲಿ, ಕಿಂಗ್‌ಫಿಷರ್ ಆದೇಶವಾಗಿ ಎರಡು ವಾರ ತುಂಬುವ ಮೊದಲೇ, ಹೊಸ ದಿವಾಳಿ ಸಂಹಿತೆಯ ದಾರಿ ತೆರೆಯಿತು. ಈಗ ಇಂಥ ಅರ್ಜಿಗಳು ಹೋಗುವುದು ಕಂಪನಿ ಕಾನೂನು ನ್ಯಾಯಮಂಡಳಿಗೆ. ಅಲ್ಲಿ ಮೊದಲು ಕಂಪನಿಯನ್ನು ಉಳಿಸಿ ಬೇರೆಯವರ ಕೈಗೆ ಕೊಡಲು ಸಾಧ್ಯವೇ ಎಂದು ನೋಡುತ್ತಾರೆ, ಆಗದಿದ್ದರೆ ಮಾತ್ರ ಸಮಾಪ್ತಿ. 2024ರ ಜುಲೈ 16ರಂದು ಬೆಂಗಳೂರಿನ ನ್ಯಾಯಮಂಡಳಿ ಬೈಜೂಸ್ ಸಂಸ್ಥೆಯ ವಿರುದ್ಧ ಇಂಥ ಅರ್ಜಿಯೊಂದನ್ನು ಅಂಗೀಕರಿಸಿತು. ಅರ್ಜಿ ಹಾಕಿದ್ದು ಕ್ರಿಕೆಟ್ ಮಂಡಳಿ, ಬಾಕಿ ಸುಮಾರು 158 ಕೋಟಿ. ಆಟಗಾರರ ಅಂಗಿಯ ಮೇಲೆ ಹೆಸರು ಹಾಕಿಕೊಳ್ಳುವ ಹಕ್ಕಿನ ಹಣ. ಕೆಲವೇ ದಿನಗಳಲ್ಲಿ ಎರಡೂ ಕಡೆಯವರು ರಾಜಿಯಾದರು, ಮೇಲ್ಮನವಿ ಮಂಡಳಿಯೂ ಒಪ್ಪಿತು. ಆದರೆ ಅಮೆರಿಕದ ಸಾಲಿಗರ ಪರವಾದವರು ಅದನ್ನು ಪ್ರಶ್ನಿಸಿದರು. ಅಕ್ಟೋಬರ್ 23ರಂದು ಸುಪ್ರೀಂ ಕೋರ್ಟು ಆ ಒಪ್ಪಿಗೆಯನ್ನು ರದ್ದುಮಾಡಿ, ರಾಜಿಯಾದರೂ ಕಾನೂನು ಹೇಳಿದ ದಾರಿಯಲ್ಲೇ ಆಗಬೇಕು ಎಂದಿತು. 'ನನ್ನ ದುಡ್ಡು ಬಂತು, ನಾನು ಹೊರಟೆ' ಎನ್ನಲು ಬರುವುದಿಲ್ಲ. ಇದು ನನಗೆ ನ್ಯಾಯವಾಗಿಯೇ ಕಾಣುತ್ತದೆ. ಎಲ್ಲರ ಹೆಸರಿನಲ್ಲಿ ತೆರೆಸಿದ ಬಾಗಿಲಿನಿಂದ ಒಬ್ಬರೇ ಪಾತ್ರೆ ತುಂಬಿಕೊಂಡು ಹೋಗಬಾರದು.

ಹೋಗಲಿ, ಬಾಗಿಲು ತೆರೆಸಿದವರಿಗೆ ಸಿಗುವುದಾದರೂ ಏನು? ಸಮಾಪ್ತಿಯಾದ ಕಂಪನಿಯ ಹಣದ ಹಂಚಿಕೆ ಮದುವೆಮನೆಯ ಪಂಕ್ತಿಯಂತೆ. ಹೊಸ ಸಂಹಿತೆಯ ಪ್ರಕಾರ ಮೊದಲು ಈ ಕೆಲಸ ನಡೆಸಿದ ಖರ್ಚು. ಮುಂದಿನ ಪಂಕ್ತಿಯಲ್ಲಿ ಕಾರ್ಮಿಕರ 24 ತಿಂಗಳವರೆಗಿನ ಬಾಕಿ, ಅವರ ಪಕ್ಕದಲ್ಲೇ ಅಡವಿಟ್ಟುಕೊಂಡ ಬ್ಯಾಂಕುಗಳು. ಆಮೇಲೆ ಇತರ ನೌಕರರ 12 ತಿಂಗಳ ಸಂಬಳ, ಅಡವಿಲ್ಲದೆ ಹಣ ಸಾಲ ಕೊಟ್ಟವರು, ಸರಕಾರದ ತೆರಿಗೆ. ಇವರೆಲ್ಲ ಎದ್ದ ಮೇಲೆ ಸಾಮಾನು ಒದಗಿಸಿದವರ ಎಲೆ. ಅವರ ಹಿಂದೆ ಇರುವವರು ಷೇರುದಾರರು ಮಾತ್ರ. ಕೊನೆಯ ಪಂಕ್ತಿಗೆ ಪಾಯಸ ಮುಗಿದು, ಸಾರಿಗೆ ನೀರು ಸೇರಿಸಿರುತ್ತಾರೆ ಎಂದು ಮದುವೆಮನೆಯಲ್ಲಿ ಓಡಾಡಿದ ಹೆಣ್ಣುಮಕ್ಕಳಿಗೆ ಹೇಳಿಕೊಡಬೇಕೇ? ಕಾರ್ಮಿಕರು ಮುಂದಿನ ಪಂಕ್ತಿಯಲ್ಲಿರುವುದು ಸರಿಯೇ. ಆದರೆ ಶೆಡ್ಡಿನ ಏಳು ಹುಡುಗರೂ ಕಾರ್ಮಿಕರೇ ಅಲ್ಲವೇ? ಅವರ ಬೆವರು ಬಿಲ್ಲಿನ ರೂಪದಲ್ಲಿ ಹೋದದ್ದರಿಂದ ಕೊನೆಯ ಪಂಕ್ತಿಗೆ ಬಿತ್ತು.

ಅದೂ ಅಲ್ಲದೆ 2020ರ ಮಾರ್ಚಿನಿಂದ, ಒಂದು ಕೋಟಿಗಿಂತ ಕಡಿಮೆ ಬಾಕಿಗೆ ಆ ಮಂಡಳಿಯ ಬಾಗಿಲು ತೆರೆಯುವುದಿಲ್ಲ. ಸಣ್ಣ ಕಾರಣಕ್ಕೆ ಕಂಪನಿಗಳು ಸಾಯಬಾರದು ಎಂಬ ಕಾಳಜಿ ಅದರ ಹಿಂದಿದೆ. ಕಾಮಾಕ್ಷಿಪಾಳ್ಯದ ಶೆಡ್ಡಿಗೆ ಒಂದು ಕೋಟಿಯ ಬಾಕಿ ಆಗುವ ಹೊತ್ತಿಗೆ ಶೆಡ್ಡೇ ಇರುವುದಿಲ್ಲ! ಸಣ್ಣವರಿಗೆ ಇರುವ ಕಾನೂನು ಬೇರೆ, 2006ರದು. ಉದ್ಯಮ್ ನೋಂದಣಿ ಮಾಡಿಸಿಕೊಂಡ ಸಣ್ಣ ಘಟಕಗಳಿಗೆ 45 ದಿನ ಮೀರದಂತೆ ಹಣ ಕೊಡಬೇಕು. ತಡವಾದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ದೂರು ಕೇಳಲು ಪ್ರತ್ಯೇಕ ಮಂಡಳಿಯೂ ಇದೆ. ಗಡುವಿನೊಳಗೆ ಕೊಡದ ಬಿಲ್ಲನ್ನು ನಿಜವಾಗಿ ಹಣ ಕೊಟ್ಟ ವರ್ಷದಲ್ಲಷ್ಟೇ ಖರ್ಚೆಂದು ಆದಾಯ ತೆರಿಗೆಯ ಲೆಕ್ಕಕ್ಕೆ ಹಿಡಿಯುವ ನಿಯಮವೂ 2023ರ ಬಜೆಟ್ಟಿನಲ್ಲಿ ಬಂತು. ಕಾಗದದ ಮೇಲೆ ಎಲ್ಲವೂ ಚೆನ್ನಾಗಿದೆ. ಆದರೆ ದೂರು ಕೊಟ್ಟ ಮರುದಿನ ಆರ್ಡರು ನಿಂತರೆ? ಆ ಭಯದಲ್ಲಿ ಅರ್ಜಿಗಳು ಡ್ರಾಯರಿನಲ್ಲೇ ಹಳದಿಯಾಗುತ್ತವೆ.

'ದಾಕ್ಷಿಣ್ಯಕ್ಕೆ ಬಸಿರಾದರೆ ಹೆರಲು ಜಾಗವಿಲ್ಲ' ಎಂದು ನಮ್ಮ ಹಿರಿಯರು ಒರಟಾಗಿ ಹೇಳಿದ್ದಾರೆ. ದಾಕ್ಷಿಣ್ಯವನ್ನು ನಾವು ಕರುಣೆ ಎಂದು ತಿಳಿಯುತ್ತೇವೆ. ನನ್ನ ಮಟ್ಟಿಗೆ ಅವೆರಡೂ ಬೇರೆ. ಕರುಣೆ ಎದುರಿನವರ ಸ್ಥಿತಿಯನ್ನು ವಿಚಾರಿಸುತ್ತದೆ: ನಿಮಗೆ ಏನಾಗಿದೆ, ಎಷ್ಟು ಕೊಡಬಲ್ಲಿರಿ, ಎಂದು? ದಾಕ್ಷಿಣ್ಯ ಏನನ್ನೂ ವಿಚಾರಿಸದೆ ಮುಖ ತಿರುಗಿಸಿ ಕೂರುತ್ತದೆ, ಬಳೆಗಳನ್ನು ಒಂದೊಂದಾಗಿ ಬಿಚ್ಚುತ್ತದೆ, ಕೊನೆಗೆ ಒಂದು ದಿನ ಸಿಟ್ಟಾಗಿ ಸಿಡಿಯುತ್ತದೆ. ಅಷ್ಟು ಹೊತ್ತಿಗೆ ಕೇಳಿದರೂ ಕೊಡಲು ಅಲ್ಲಿ ಏನೂ ಇರುವುದಿಲ್ಲ, ಉಳಿಸಲು ಯಾರೂ ಇರುವುದಿಲ್ಲ. ಎರಡನೇ ತಿಂಗಳಿಗೇ ಕೇಳಿದ್ದರೆ ಒಂದು ಕೆಟ್ಟ ಗಳಿಗೆ ಕಳೆಯುತ್ತಿತ್ತು, ಅಷ್ಟೆ. ಕೇಳದೆ ಕಳೆದ ಹನ್ನೊಂದು ತಿಂಗಳು ಎರಡು ಕಡೆಯ ಮನೆಗಳನ್ನೂ ತಿನ್ನುತ್ತದೆ.

ಇಸಕೊಂಡವರಿಗೂ ಒಂದು ಧರ್ಮವಿದೆ. ಕೈ ಕಟ್ಟಿದ್ದರೆ ಕಟ್ಟಿದೆ ಎಂದು ಹೇಳುವುದು. ವ್ಯಾಪಾರದಲ್ಲಿ ಸೋಲುವುದು ಪಾಪವಲ್ಲ, ಎಷ್ಟೋ ಒಳ್ಳೆಯ ಕಂಪನಿಗಳು ಕಾಲ ಕೂಡಿಬಾರದೆ ಸೋತಿವೆ. ಆದರೆ ಸೋಲು ಗೊತ್ತಾದ ಮೇಲೂ 'ಚೆಕ್ಕಿಗೆ ಸೈನ್ ಆಗ್ಬೇಕು' ಎನ್ನುತ್ತಾ ಹೊಸ ಮಾಲು ತರಿಸಿಕೊಳ್ಳುವುದಿದೆಯಲ್ಲ, ಅದು ಸೋಲಲ್ಲ. ಅದು ಇನ್ನೊಬ್ಬರ ಮನೆಯ ಬಳೆಗೆ ಕೈ ಹಾಕಿದ ಹಾಗೆ. ಕಂಪನಿಯೊಂದರ ಸಾವಿಗೆ ಯಾರು ಹೊಣೆ ಎಂದು ಕೇಳುವವರು ಅರ್ಜಿಯ ಮೇಲಿನ ಹೆಸರನ್ನು ಓದುವ ಮೊದಲು ಆ ಸುಳ್ಳುಗಳ ತಾರೀಕುಗಳನ್ನು ಓದಬೇಕು.

ಈ ಮಾತನ್ನು ಹೆಂಗಸರ ಮುಂದೆ ಹೇಳುವುದಕ್ಕೆ ಕಾರಣವಿದೆ. ನಮ್ಮ ಬಡಾವಣೆಗಳಲ್ಲೇ ಎಷ್ಟು ಜನ ಹೆಣ್ಣುಮಕ್ಕಳು ಮನೆಯಿಂದ ಕೆಲಸ ಮಾಡಿ ಒದಗಿಸುತ್ತಿದ್ದಾರೆ! ಆಫೀಸುಗಳಿಗೆ ಚಪಾತಿ, ಅಂಗಡಿಗಳಿಗೆ ಚಟ್ನಿಪುಡಿ, ಗಾರ್ಮೆಂಟ್ಸಿನವರಿಗೆ ಗುಂಡಿ-ಕಾಜ, ಶಾಲೆಗಳಿಗೆ ಯೂನಿಫಾರಂ. ಬಾಕಿ ಕೇಳುವಾಗ ಅವರ ದನಿ ತಗ್ಗುವುದನ್ನು ನಾನು ಕೇಳಿದ್ದೇನೆ. 'ಪಾಪ, ಅವರಿಗೂ ಏನು ಕಷ್ಟವೋ' ಎನ್ನುತ್ತಾರೆ. ಕಷ್ಟವಿದ್ದರೆ ಕೇಳಿದಾಗ ತಾನೇ ತಿಳಿಯುವುದು? ಬಿಲ್ಲಿನ ಮೇಲೆ ತಾರೀಕು ಬರೆಯಿರಿ, ಚಲನ್ನಿಗೆ ಸಹಿ ಹಾಕಿಸಿಕೊಳ್ಳಿ. 45 ದಿನ ಕಳೆದ ಮರುದಿನ ಫೋನು ಮಾಡಿ, ಕುಶಲ ವಿಚಾರಿಸಿ, ಆಮೇಲೆ ಮೆತ್ತಗೆ, ಆದರೆ ತಪ್ಪದೆ ಕೇಳಿ. ಅವರು ನಿಜ ಹೇಳಿದರೆ ಕಂತಿಗೆ ಒಪ್ಪಿಕೊಳ್ಳಿ, ಅದು ಕರುಣೆ. ನಿಜ ಹೇಳದಿದ್ದರೆ ಮುಂದಿನ ಮಾಲು ಕಳಿಸಬೇಡಿ, ಅದೂ ಕರುಣೆಯೇ, ನಿಮ್ಮ ಮನೆಯ ಮೇಲೆ ಮಾತ್ರವಲ್ಲ, ಅವರನ್ನು ನಂಬಿದ ಉಳಿದವರ ಮೇಲೂ.

ಇಷ್ಟಾದ ಮೇಲೆ ಬಾಗಿಲು ತಟ್ಟಲೇಬೇಕಾಗಿ ಬಂದರೆ ತಲೆ ತಗ್ಗಿಸಬೇಕಾದ್ದಿಲ್ಲ. ಕೊಟ್ಟವರು ಕೇಳುವುದು ಭಿಕ್ಷೆಯಲ್ಲ, ತಮ್ಮದನ್ನೇ. ಗಾದೆಯ ಕೋಡಂಗಿಯ ಮೇಲೆ ಇನ್ನಾದರೂ ನಗುವುದನ್ನು ಬಿಡೋಣ.